ಹೆಸರು ಬಿಡುವುದು, ಹೆಸರು ಕಸಿಯುವುದು

ಕಾವೇರಿ ತೀರದ ಮುಳ್ಳೂರಿನಲ್ಲಿ ಒಂದು ಮದುವೆ ನಿಶ್ಚಯವಾಯಿತೆಂದರೆ ಮನೆಯವರ ಮೊದಲ ಓಡಾಟಗಳಲ್ಲಿ ಒಂದು ಲಗ್ನಪತ್ರಿಕೆಯದು. ಕಾರ್ಡು ಅಚ್ಚಾಗಿ ಬಂದ ಮೇಲೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಮೊದಲ ಪ್ರತಿಯನ್ನು ಮನೆದೇವರ ಮುಂದಿಟ್ಟು, ಆಮೇಲೆ ನೆಂಟರಿಷ್ಟರಿಗೆ ಹಂಚುವುದು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ರೂಢಿ. ಕಾರ್ಡಿನ ನೆತ್ತಿಯ ಮೇಲೆ ಮಲೆ ಮಹದೇಶ್ವರನೋ ಬಿಳಿಗಿರಿರಂಗನಾಥನೋ ಚಿಕ್ಕಲ್ಲೂರಿನ ಸಿದ್ದಪ್ಪಾಜಿಯೋ ‘ಪ್ರಸನ್ನ’ನಾಗಿರುತ್ತಾನೆ. ಕೆಳಗೆ ‘ಚಿ|| ರಾ||’ ಎಂದು ವರ, ‘ಚಿ|| ಸೌ||’ ಎಂದು ವಧು, ಇಬ್ಬರ ತಂದೆತಾಯಿ, ತೀರಿಕೊಂಡ ಅಜ್ಜನ ಹೆಸರಿನ ಹಿಂದೆ ಒಂದು ‘ದಿ||’, ಕೊನೆಗೆ ಸುಖಾಗಮನ ಬಯಸುವವರ ಉದ್ದನೆಯ ಪಟ್ಟಿ. ಈ ಪಟ್ಟಿಯಲ್ಲಿ ಚಿಕ್ಕಪ್ಪನ ಹೆಸರು ದೊಡ್ಡಪ್ಪನಿಗಿಂತ ಮೇಲೆ ಹೋದರೆ, ಸೋದರಮಾವನ ಹೆಸರು ಬಿಟ್ಟುಹೋದರೆ, ಮುನಿಸು ವರ್ಷಗಟ್ಟಲೆ ಉಳಿಯುತ್ತದೆ. ಹೆಸರೆಂದರೆ ಮರ್ಯಾದೆ ಎಂಬುದನ್ನು ಇಷ್ಟು ಖಂಡಿತವಾಗಿ ಹೇಳುವ ಇನ್ನೊಂದು ಕಾಗದ ನಮ್ಮ ಮನೆಗಳಲ್ಲಿಲ್ಲ. ಅಷ್ಟೆಲ್ಲ ಹೆಸರುಗಳ ನಡುವೆ ಇಲ್ಲದಿರುವುದು ಒಂದೇ: ಬಳ್ಳಿ ಎಳೆದು, ಕಳಸ ಬಿಡಿಸಿ, ಒತ್ತಕ್ಷರ ಸರಿಪಡಿಸಿ ಆ ಕಾರ್ಡನ್ನು ಕಾರ್ಡು ಮಾಡಿದವರ ಹೆಸರು. ಹೀಗೆ ಹೆಸರಿಲ್ಲದೆ ದುಡಿಯುವುದು ಧರ್ಮವೋ, ಅವರಿಗೆ ಆಗುತ್ತಿರುವ ಅನ್ಯಾಯವೋ? ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾಗಿರುವ ಉತ್ತರ ಅರ್ಧ ಮಾತ್ರ ನಿಜ, ಉಳಿದರ್ಧ ಅಪಾಯಕಾರಿ ಎಂಬುದು ನನ್ನ ವಾದ.

ಮೊದಲು ಕಸುಬನ್ನು ನೋಡೋಣ. ಶುಭಾಶಯ ಪತ್ರ, ಆಹ್ವಾನ ಪತ್ರಿಕೆಗಳನ್ನು ಸ್ವಂತವಾಗಿ ವಿನ್ಯಾಸ ಮಾಡಿ ಬದುಕುವವರು ನಮ್ಮ ಸಣ್ಣ ಪಟ್ಟಣಗಳಲ್ಲಿ ದೊಡ್ಡ ಬೋರ್ಡು ಹಾಕಿಕೊಂಡು ಕೂತವರಲ್ಲ. ಡಿಟಿಪಿ ಅಂಗಡಿಯ ಮೂಲೆಯಲ್ಲೋ, ಮನೆಯ ನಡುಮನೆಯಲ್ಲೋ ಒಂದು ಕಂಪ್ಯೂಟರ್ ಇಟ್ಟುಕೊಂಡು ಕೊರೆಲ್‌ಡ್ರಾದಲ್ಲಿ ನುಡಿ ಅಕ್ಷರ ಕೂರಿಸುವವರು. ಇವರ ಎದುರಾಳಿಗಳು ಮೂರು ಬಗೆ. ಒಂದು, ಶಿವಕಾಶಿಯಿಂದ ಬರುವ ಖಾಲಿ ಕಾರ್ಡುಗಳ ಆಲ್ಬಮ್. ಗಣಪತಿ, ಓಲಗ, ಬಾಳೆಕಂದು ಎಲ್ಲ ಮೊದಲೇ ಅಚ್ಚಾಗಿರುತ್ತದೆ, ಹೆಸರು ತುಂಬಿದರೆ ಸಾಕು. ಎರಡು, ಪಕ್ಕದ ಬೀದಿಯ ಅಂಗಡಿ; ಗಿರಾಕಿ ಯಾರದೋ ಮದುವೆಯ ಹಳೆಯ ಕಾರ್ಡು ತಂದು ‘ಇದೇ ಥರ ಮಾಡಿಕೊಡಿ’ ಎನ್ನುತ್ತಾನೆ, ಅಂಗಡಿಯವನು ಅದನ್ನು ಸ್ಕ್ಯಾನ್ ಮಾಡಿ ಹೆಸರು ಬದಲಿಸಿ ಕೊಡುತ್ತಾನೆ. ಮೂರು, ಕಿಸೆಯಲ್ಲಿರುವ ಫೋನು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಸಂಕ್ರಾಂತಿ, ಹೊಸವರ್ಷ ಬಂತೆಂದರೆ ಹಳ್ಳಿಯ ಅಂಗಡಿಯಲ್ಲೂ ದಾರಕ್ಕೆ ಸಿಕ್ಕಿಸಿದ ಗ್ರೀಟಿಂಗ್ಸ್ ತೂಗಾಡುತ್ತಿದ್ದವು. ದೇವರು, ಹೂವು, ಸಿನಿಮಾ ನಟರ ಚಿತ್ರ ಎಲ್ಲಕ್ಕೂ ಗಿರಾಕಿಗಳಿದ್ದರು. ಇಂದು ಅದೇ ಹಬ್ಬದ ಬೆಳಿಗ್ಗೆ ವಾಟ್ಸ್ಆ್ಯಪ್ ತುಂಬ ಎಲ್ಲಿಂದ ಬಂತೆಂದು ಗೊತ್ತಿಲ್ಲದ, ಯಾರು ಮಾಡಿದರೆಂದು ಕೇಳದ ಚಿತ್ರಗಳು ಕಾಸಿಲ್ಲದೆ ಓಡಾಡುತ್ತವೆ. ಹಗಲಿಡೀ ಕೂತು ಮಾಡಿದ ಒಂದು ವಿನ್ಯಾಸ ಸಂಜೆಯೊಳಗೆ ಹತ್ತು ಅಂಗಡಿಗಳ ಸೊತ್ತಾಗಬಲ್ಲ ಪೈಪೋಟಿ ಇದು.

ಇಂಥ ಸ್ಥಿತಿಯನ್ನು ಯಾರಾದರೂ ದೂರಿದರೆ ತಟ್ಟನೆ ಬರುವ ಉತ್ತರ ಕಾಯಕದ್ದು. ಕೆಲಸವೇ ಪೂಜೆ, ಪೂಜೆ ಮಾಡುವವನು ಹೆಸರು ಕೇಳುವುದಿಲ್ಲ, ಫಲದ ಆಸೆ ಬಿಟ್ಟು ಮಾಡಿದ್ದೇ ನಿಜವಾದ ಕರ್ಮ. ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರು ತಮ್ಮ ವಚನದ ಕೊನೆಯಲ್ಲಿ ಬಿಟ್ಟದ್ದು ಇಷ್ಟದೈವದ ಅಂಕಿತವನ್ನು, ತಮ್ಮ ಹೆಸರನ್ನಲ್ಲ. ಈ ಸೀಮೆಯಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. ಕಂಸಾಳೆಯವರು ಹಾಡುವ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಕಾವ್ಯ, ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯ ಕನ್ನಡದ ಮಹಾಕಾವ್ಯಗಳ ಸಾಲಿನಲ್ಲಿ ನಿಲ್ಲುತ್ತವೆ, ಆದರೆ ಅವನ್ನು ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಮಾದಪ್ಪನ ಕಾವ್ಯದಲ್ಲಿ ಬರುವ ಸಂಕಮ್ಮನ ಸಂಕಟಕ್ಕೆ, ಸರಗೂರಯ್ಯನ ಮಾತಿಗೆ ಮೊದಲು ಪದ ಕೊಟ್ಟವರು ಯಾರು? ತಲೆಮಾರುಗಟ್ಟಲೆ ಹಾಡುಗಾರರು ತಮ್ಮ ಸಾಲನ್ನು ಹಳೆಯ ಸಾಲಿನೊಳಗೆ ಸೇರಿಸಿ, ಇದು ನನ್ನದು ಎಂದು ಗೆರೆ ಎಳೆಯದೆ ಹೋದರು. ಹೆಸರಿನ ಹಂಬಲ ಬಿಟ್ಟದ್ದರಿಂದಲೇ ಆ ಕಾವ್ಯ ಒಬ್ಬರದಾಗದೆ ಒಕ್ಕಲಿನದಾಯಿತು. ಹಾಗಿದ್ದ ಮೇಲೆ ಕಾರ್ಡಿನ ಮೂಲೆಯಲ್ಲಿ ಹೆಸರು ಬೇಕೆನ್ನುವ ಡಿಸೈನರ್‌ನ ಹಟ ಅಹಂಕಾರವಲ್ಲವೇ ಎಂದು ಕೇಳುವವರಿಗೆ ಈ ನೆಲದ ಪರಂಪರೆಯ ಬೆಂಬಲವಿದ್ದಂತೆ ಕಾಣುತ್ತದೆ.

ಆದರೆ ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ರೂಪದಲ್ಲಿ ಕಾಣಿಸಿಕೊಳ್ಳುತ್ತಿವೆ. ಕಂಸಾಳೆಯವನು ತನ್ನ ಹೆಸರನ್ನು ಮಾದಪ್ಪನಿಗೆ ಒಪ್ಪಿಸುತ್ತಾನೆ. ಒಪ್ಪಿಸುವವನು ಅವನೇ, ಒಪ್ಪಿಸಿಕೊಳ್ಳುವವನು ಅವನು ನಂಬಿದ ದೇವರು. ಹಾಡುವ ರಾತ್ರಿ ಊರಿನವರಿಗೆ ಅವನು ಯಾರು, ಅವನ ಗುರು ಯಾರು, ಯಾವ ಸಾಲನ್ನು ಅವನಂತೆ ಇನ್ನೊಬ್ಬರು ಹಾಡಲಾರರು ಎಂಬುದು ಗೊತ್ತಿರುತ್ತದೆ. ಪದ ಮುಗಿದಾಗ ಅವನ ಜೋಳಿಗೆಗೆ ಅಕ್ಕಿ, ರಾಗಿ, ಕಾಣಿಕೆ ಬೀಳುತ್ತದೆ. ಅಂದರೆ ಅವನು ಬಿಟ್ಟದ್ದು ‘ನನ್ನದು’ ಎಂಬ ಹಮ್ಮನ್ನು. ಅವನ ಗುರುತನ್ನೂ ಪಾಲನ್ನೂ ಊರು ಕಾಯ್ದುಕೊಂಡಿದೆ. ಕಾರ್ಡಿನ ವಿನ್ಯಾಸಕಾರನ ಕಥೆ ಇದರ ತದ್ವಿರುದ್ಧ. ಅವನು ಯಾರಿಗೂ ಏನನ್ನೂ ಒಪ್ಪಿಸಿಲ್ಲ. ಅವನು ಬಿಡಿಸಿದ ಬಳ್ಳಿಯನ್ನು ಇನ್ನೊಂದು ಅಂಗಡಿ ಎತ್ತಿಕೊಂಡಿದೆ, ಅದರ ಹಣ ಅಲ್ಲಿಗೆ ಹೋಗಿದೆ, ಅವನನ್ನು ಬಲ್ಲವರು ಅಲ್ಲಿ ಯಾರೂ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಕಡೆ ಹೆಸರಿಲ್ಲ. ಒಳಗೆ ನೋಡಿದರೆ ಒಂದು ತ್ಯಾಗ, ಇನ್ನೊಂದು ಕಳವು. ತ್ಯಾಗಕ್ಕೆ ಒಂದು ಮೂಲ ಲಕ್ಷಣವಿದೆ: ಅದನ್ನು ಮಾಡುವವನೇ ಮಾಡಬೇಕು. ನನ್ನ ಉಪವಾಸವನ್ನು ನಾನೇ ಮಾಡಬಲ್ಲೆ. ನನ್ನ ತಟ್ಟೆಯನ್ನು ನೀವು ಎಳೆದುಕೊಂಡು ಇವನು ಉಪವಾಸಿ ಎಂದು ಹೊಗಳಿದರೆ ಅದು ವ್ರತವಾಗುವುದಿಲ್ಲ. ಇನ್ನೊಬ್ಬನ ಪರವಾಗಿ ತ್ಯಾಗ ಮಾಡುವ ಅಧಿಕಾರ ಗಿರಾಕಿಗೂ ಇಲ್ಲ, ಅಂಗಡಿಗೂ ಇಲ್ಲ, ಧರ್ಮ ಬೋಧಿಸುವವರಿಗೂ ಇಲ್ಲ.

ಫಲದ ಆಸೆ ಬಿಡು ಎಂಬ ಗೀತೆಯ ಬೋಧೆಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಆ ಮಾತು ಯಾರಿಗೆ, ಎಂಥ ಹೊತ್ತಿನಲ್ಲಿ ಬಂತು? ಪಾಲು ಕಳೆದುಕೊಂಡ ಪಾಂಡವರಲ್ಲಿ ಒಬ್ಬನಿಗೆ, ಆ ಪಾಲಿಗಾಗಿಯೇ ನಡೆಯಲಿದ್ದ ಯುದ್ಧದ ಅಂಗಳದಲ್ಲಿ ಬಂತು. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದವನು ಎದುರು ಪಾಳೆಯದಲ್ಲಿದ್ದ. ನಿಷ್ಕಾಮಕರ್ಮದ ಮಾತನ್ನು ಅರ್ಜುನನಿಗೆ ಹೇಳಿದ್ದು ಅವನ ಸಾರಥಿ, ಅವನ ಹಿತ ಬಯಸಿದವನು. ಅದೇ ಮಾತು ದುರ್ಯೋಧನನ ಬಾಯಲ್ಲಿ ಬಂದಿದ್ದರೆ ಅದಕ್ಕೆ ಉಪದೇಶ ಎನ್ನುವ ಬದಲು ಬೇರೆ ಹೆಸರು ಹುಡುಕಬೇಕಾಗುತ್ತಿತ್ತು. ದುಡಿದವನು ತನ್ನ ಮನಸ್ಸಿಗೆ ತಾನು ಹೇಳಿಕೊಳ್ಳುವಾಗ ಅದು ಬಿಡುಗಡೆಯ ದಾರಿ. ದುಡಿಸಿಕೊಂಡವನು ದುಡಿದವನಿಗೆ ಹೇಳುವಾಗ ಅದು ಕೂಲಿ ತಪ್ಪಿಸುವ ಉಪಾಯ.

ಶರಣರ ಕಥೆಗಳು ಇದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತವೆ. ಕಾಯಕವೆಂದರೆ ಬಿಟ್ಟಿ ಚಾಕರಿ ಎಂದು ಅವರು ಎಲ್ಲೂ ಹೇಳಲಿಲ್ಲ. ನುಲಿಯ ಚಂದಯ್ಯ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದ ಹಣದಿಂದ ದಾಸೋಹ ನಡೆಸಿದವನು. ಹಗ್ಗಕ್ಕೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ಹಣ ಬಂದಾಗ ಅವನು ಒಪ್ಪಲಿಲ್ಲ ಎಂಬ ಕಥೆಯನ್ನು ಎಲ್ಲರೂ ನೆನೆಯುತ್ತಾರೆ. ಹೆಚ್ಚು ಬೇಡವೆನ್ನಬೇಕಾದರೆ ಸಲ್ಲಬೇಕಾದ್ದು ಎಂಬ ಒಂದು ಅಳತೆ ಮೊದಲು ಇರಲೇಬೇಕು; ಆ ಅಳತೆ ಎರಡೂ ಕಡೆಗೆ ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ ಮರೆಯುತ್ತಾರೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವನ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಚೆಲ್ಲಿ ಬರಲು ಕಳಿಸಿದಳು. ಅವಳು ಬೇಡವೆಂದದ್ದು ಅತಿಯನ್ನು. ಅಂದಂದಿನ ಅಕ್ಕಿಯನ್ನು ಅವಳು ಬಿಡಲಿಲ್ಲ. ಅಂದಂದಿನ ಅಕ್ಕಿಯನ್ನೇ ಯಾರಾದರೂ ಕಸಿದಿದ್ದರೆ ಅದನ್ನು ಲಕ್ಕಮ್ಮ ಕಾಯಕವೆಂದು ಕರೆಯುತ್ತಿದ್ದಳೇ? ಕಾಯಕದಲ್ಲಿ ಪಡೆಯುವುದಕ್ಕೂ ಮಿತಿಯಿದೆ, ಕೊಡದಿರುವುದಕ್ಕೂ ಮಿತಿಯಿದೆ. ಮೊದಲನೆಯದನ್ನು ಬಡವನಿಗೆ ಬೋಧಿಸಿ ಎರಡನೆಯದನ್ನು ಮುಚ್ಚಿಡುವುದು ಶರಣರಿಗೆ ಮಾಡುವ ಅಪಚಾರ.

ಹೀಗೆ ಮಾತನ್ನು ಒರೆಗೆ ಹಚ್ಚುವ ಅಭ್ಯಾಸ ಈ ಸೀಮೆಗೆ ಹೊಸದಲ್ಲ. ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಸಾಲಿನಲ್ಲಿ ಧರೆಗೆ ದೊಡ್ಡವರೆನಿಸಿದ ಮಂಟೇಸ್ವಾಮಿ ಕುಲಗೆಟ್ಟವನ ಹೊಲಸು ವೇಷದಲ್ಲಿ ಬಸವಣ್ಣನ ಬಾಗಿಲಿಗೆ ಬರುತ್ತಾರೆ; ಲಾಂಛನ ಹೊತ್ತು ದಾಸೋಹದ ಅನ್ನಕ್ಕೆ ಸೇರಿದವರ ಬಂಡವಾಳ ಬಯಲಾಗುತ್ತದೆ. ಧರ್ಮದ ಮಾತು ಎಷ್ಟು ದೊಡ್ಡದಾದರೂ ಅದರ ನೆರಳಿನಲ್ಲಿ ಯಾರು ಉಣ್ಣುತ್ತಿದ್ದಾರೆ, ಯಾರು ಬಾಗಿಲಾಚೆ ನಿಂತಿದ್ದಾರೆ ಎಂದು ಕೇಳುವ ಧೈರ್ಯ ಆ ಕಾವ್ಯಕ್ಕಿದೆ. ಅದೇ ಕಾವ್ಯದ ಇನ್ನೊಂದು ಸಾಲಿನಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗಾಗಿ ಹಲಗೂರಿನ ಪಾಂಚಾಳರ ಬಳಿ ಹೋಗುತ್ತಾನೆ. ಅವರು ಕೊಡಲು ಒಪ್ಪದೆ ಅವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ, ಅವನು ಪವಾಡ ಗೆಲ್ಲುತ್ತಾನೆ. ಕೈಯಲ್ಲಿ ಇದ್ದೂ ಕೊಡದವರ ಜಿಪುಣತನವನ್ನು ಈ ಕಥೆ ಖಂಡಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಇನ್ನೊಂದು ಸಂಗತಿಯೂ ಇಲ್ಲಿದೆ: ಪವಾಡ ಮಾಡಬಲ್ಲವನು ಕೂಡ ಕಬ್ಬಿಣ ಬೇಕಾದಾಗ ಕಸುಬಿನವರ ಮನೆಬಾಗಿಲಿಗೆ ನಡೆದು, ಬಾಯಿಬಿಟ್ಟು ಕೇಳಿದ. ಮಾಡಿದವನು ಕೈ ಬಿಗಿ ಹಿಡಿಯಬಾರದು, ಬೇಕಾದವನು ಕೇಳದೆ ಎತ್ತಿಕೊಳ್ಳಬಾರದು. ಪೈಪೋಟಿಯ ಕಸುಬಿಗೆ ಇದಕ್ಕಿಂತ ನೇರವಾದ ನೀತಿಯನ್ನು ನಾನು ಕಾಣೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ವಿನ್ಯಾಸ ನಿಜಕ್ಕೂ ಯಾರದು? ಮಾವಿನೆಲೆಯ ತೋರಣ, ಪೂರ್ಣಕುಂಭ, ನವಿಲು, ಕಮಲ ಯಾವ ಡಿಸೈನರ್‌ನ ಸೃಷ್ಟಿಯೂ ಅಲ್ಲ. ಕೊಳ್ಳೇಗಾಲದ ಮಗ್ಗಗಳಲ್ಲಿ ರೇಷ್ಮೆ ಸೀರೆಯ ಸೆರಗಿಗೆ ಇವೇ ಬುಟ್ಟಾಗಳು ಬರುತ್ತವೆ. ಒಬ್ಬರದನ್ನು ನೋಡಿ ಇನ್ನೊಬ್ಬರು ನೇಯುತ್ತಲೇ ಬಂದಿದ್ದಾರೆ. ಎಲ್ಲರ ಕಣಜದಿಂದ ತಂದ ಕಾಳನ್ನು ನನ್ನದೆನ್ನುವುದು ಹೇಗೆ? ಆಕ್ಷೇಪದಲ್ಲಿ ಸತ್ಯವಿದೆ, ಅದನ್ನು ಒಪ್ಪಿಯೇ ಮುಂದೆ ಹೋಗಬೇಕು. ಕಮಲದ ಮೇಲೆ ಯಾರೂ ಹಕ್ಕು ಸಾಧಿಸಲಾಗದು. ಆದರೆ ಈ ಕಮಲ, ಈ ದಳಕ್ಕೆ ಈ ಬಾಗು, ವಧೂವರರ ಹೆಸರು ಕೂರುವಂತೆ ನಡುವೆ ಬಿಟ್ಟ ಈ ಜಾಗ, ದೂರದಿಂದಲೂ ಓದಲು ಬರುವಂತೆ ಆರಿಸಿದ ಈ ಅಕ್ಷರ ಒಬ್ಬರ ಕಣ್ಣು, ಕೈ, ಹೊತ್ತು ಸೇರಿ ಆದದ್ದು. ಮಂಟೇಸ್ವಾಮಿಯ ಕಥೆ ಎಲ್ಲರದು. ಒಬ್ಬ ನೀಲಗಾರ ಹಾಡಿದ್ದನ್ನು ಧ್ವನಿಮುದ್ರಿಸಿ ಇನ್ನೊಬ್ಬರು ತಮ್ಮದೆಂದು ಮಾರಿದರೆ ನಾವು ಒಪ್ಪುತ್ತೇವೆಯೇ? ಸಾಮಾನ್ಯ ಸೊತ್ತಿನಿಂದ ಪಡೆಯುವುದು ಒಂದು, ಇನ್ನೊಬ್ಬರು ಪಡೆದು ಮಾಡಿದ್ದನ್ನೇ ಹೊತ್ತೊಯ್ಯುವುದು ಇನ್ನೊಂದು. ನೋಡಿ ಕಲಿತು ತನ್ನ ಕೈಯಿಂದ ಬಿಡಿಸುವವನು ಪರಂಪರೆಗೆ ಸೇರುತ್ತಾನೆ. ಸ್ಕ್ಯಾನ್ ಮಾಡಿ ಹೆಸರು ಬದಲಿಸುವವನು ಪರಂಪರೆಗೆ ಏನನ್ನೂ ಸೇರಿಸುವುದಿಲ್ಲ.

ರಾಜಾ ರವಿವರ್ಮರ ಚಿತ್ರಗಳ ಹಣೆಬರಹ ಇದಕ್ಕೆ ದೊಡ್ಡ ಸಾಕ್ಷಿ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವರ ಛಾಪಖಾನೆಯಿಂದ ಲಕ್ಷ್ಮಿ, ಸರಸ್ವತಿಯರು ಮನೆಮನೆಯ ದೇವರಕೋಣೆ ಸೇರಿದರು. ಆ ಚಿತ್ರಗಳನ್ನು ನಕಲು ಮಾಡಿ ಮಾರಿದವರು ಅವರ ಕಾಲದಲ್ಲೇ ಇದ್ದರು. ಮುಂದೆ ಅದೇ ದೇವತೆಗಳು ಕ್ಯಾಲೆಂಡರು, ಬೆಂಕಿಪೊಟ್ಟಣ, ಶುಭಾಶಯ ಪತ್ರಗಳ ಮೇಲೆಲ್ಲ ಕೂತರು. ಛಾಪಖಾನೆ ಲಾಭ ತರಲಿಲ್ಲ, ಕೊನೆಗೆ ಜರ್ಮನ್ ತಂತ್ರಜ್ಞರೊಬ್ಬರ ಪಾಲಾಯಿತು. ಊದುಬತ್ತಿ ಹಚ್ಚುವವರಿಗೆ ಚಿತ್ರಕಾರನ ಹೆಸರು ಬೇಕಿಲ್ಲ, ಅದು ಸರಿಯೇ. ಭಕ್ತಿ ಚಿತ್ರವನ್ನು ದಾಟಿ ಹೋಗುತ್ತದೆ. ಆದರೆ ಭಕ್ತರ ಮರೆವು ವ್ಯಾಪಾರಿಯ ಕಳವಿಗೆ ಪರವಾನಗಿ ಅಲ್ಲ. ಕಾನೂನು ಕೂಡ ಈ ಗೆರೆಯನ್ನು ಗುರುತಿಸಿದೆ. ಶುಭಾಶಯ ಪತ್ರಗಳು 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿಗೆ ಸಲ್ಲುವುದಿಲ್ಲ. ಅವುಗಳ ಮೇಲಿನ ಚಿತ್ರ ಕಲಾಕೃತಿಯೆಂದು 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಗೆ ಬರುತ್ತದೆ. ಆ ರಕ್ಷಣೆ ಕಲಾವಿದರ ಜೀವಮಾನಕ್ಕೂ ಆಮೇಲಿನ 60 ವರ್ಷಕ್ಕೂ ಇದೆ. ಅದೇ ಕಾಯ್ದೆಯ 57ನೆಯ ಕಲಮಿನ ಪ್ರಕಾರ ಹಕ್ಕನ್ನು ಮಾರಿದ ಮೇಲೂ ಇದನ್ನು ಮಾಡಿದವನು ನಾನು ಎಂದು ಹೇಳಿಕೊಳ್ಳುವ ಅಧಿಕಾರ ಕಲಾವಿದರಲ್ಲಿ ಉಳಿಯುತ್ತದೆ. ಹಣ ಕೊಟ್ಟವನಿಗೂ ಹೆಸರು ಅಳಿಸುವ ಹಕ್ಕು ತಾನಾಗಿ ಸಿಗುವುದಿಲ್ಲ ಎಂದ ಮೇಲೆ ಹಣವನ್ನೇ ಕೊಡದವನ ಮಾತೇನು? ಇದಕ್ಕೆ ಎದುರಾಗಿ 1867ರ ಮುದ್ರಣಾಲಯ ಕಾಯ್ದೆಯನ್ನು ನೋಡಿ. ಅಚ್ಚಾದ ಕಾಗದದ ಮೇಲೆ ಮುದ್ರಕನ ಹೆಸರು, ಊರು ಇರಲೇಬೇಕೆಂದು ಅದು ವಿಧಿಸಿತ್ತು. ಕಾಗದದ ಅಡಿಯಲ್ಲಿ ಸಣ್ಣಕ್ಷರದ ಪ್ರೆಸ್ಸಿನ ಹೆಸರಿಗೆ ಆ ಕಾಯ್ದೆ ಜಾಗ ಕೊಟ್ಟಿತು. ಆಳುವವರಿಗೆ ಯಾರನ್ನು ಹಿಡಿಯಬೇಕೆಂದು ಗೊತ್ತಾಗಲು ಒಂದು ಹೆಸರು ಬೇಕಿತ್ತು, ಸಿಕ್ಕಿತು. ಗೌರವಿಸಲು ಬೇಕಾದ ಹೆಸರನ್ನು ಯಾರೂ ಕೇಳಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಶುಭಾಶಯವೆಂಬುದು ಹೃದಯದಿಂದ ಬರಬೇಕಾದದ್ದು. ಅದನ್ನು ಅಚ್ಚು ಹಾಕಿ ಮಾರುವ ಕಸುಬೇ ಪೊಳ್ಳು, ಪೊಳ್ಳಿನಲ್ಲಿ ಹೆಸರೇನು, ಪಾಲೇನು ಎನ್ನುವವರಿದ್ದಾರೆ. ಹಾಗಾದರೆ ಮದುವೆಯ ಮಂತ್ರವನ್ನು ವಧೂವರರೇ ರಚಿಸಬೇಕಾಗುತ್ತದೆ, ಸತ್ತಾಗ ಅಳುವ ಪದವನ್ನು ಮನೆಯವರೇ ಹೊಸದಾಗಿ ಕಟ್ಟಬೇಕಾಗುತ್ತದೆ. ಬದುಕಿನ ದೊಡ್ಡ ಗಳಿಗೆಗಳಲ್ಲಿ ನಾವೆಲ್ಲ ಇನ್ನೊಬ್ಬರು ಕಟ್ಟಿಟ್ಟ ಮಾತನ್ನೇ ಆಡುತ್ತೇವೆ. ಮಾದಪ್ಪನ ಬೆಟ್ಟದ ಮೆಟ್ಟಿಲು ಹತ್ತುವವರು ಕೂಗುವ ಉಘೇ ಉಘೇ ಯಾರೊಬ್ಬರ ಸ್ವಂತ ಪದವೂ ಅಲ್ಲ, ಆದರೆ ಏದುಸಿರು ಬಿಡುತ್ತ ಕೂಗಿದವನ ಬಾಯಲ್ಲಿ ಅದು ಅವನದೇ. ಎರವಲು ತಂದ ಮಾತು ಆಡುವವರ ನಿಜದಿಂದ ನಿಜವಾಗುತ್ತದೆ. ಹಾಗಿರುವಾಗ ಲಕ್ಷಾಂತರ ಜನ ತಮ್ಮ ಪ್ರೀತಿಗೆ ಎರವಲು ಪಡೆಯುವ ರೂಪವನ್ನು ಮಾಡಿಕೊಡುವವರ ಕೆಲಸ ಹಗುರವಾಗುವುದಿಲ್ಲ, ಅದರ ಭಾರ ಹೆಚ್ಚುತ್ತದೆ. ತನಗೆ ಗೊತ್ತಿಲ್ಲದವರ ಸಂತೋಷವನ್ನು ಊಹಿಸಿ, ಅದು ತಮ್ಮದೇ ಎಂದು ಅವರಿಗೆ ಅನಿಸುವಂತೆ ಚಿತ್ರ ಬಿಡಿಸಲು ತನ್ನನ್ನು ಬದಿಗಿಡುವ ಶಿಸ್ತು ಬೇಕು. ಹೆಸರು ಬಿಡುವ ಸಾಧನೆ ಈ ಕಸುಬಿನೊಳಗೇ ಇದೆ. ಅದನ್ನು ಹೊರಗಿನಿಂದ ಕಳವು ಮಾಡಿ ಕಲಿಸಬೇಕಾಗಿಲ್ಲ.

ಮೂರನೆಯದು ಬಡವರ ಪರವಾಗಿ ಬರುವ ಆಕ್ಷೇಪ. ಮಗಳ ಮದುವೆಗೆಂದು ಸಾಲ ಮಾಡಿದ ರೈತ ಅಗ್ಗದ ಕಾರ್ಡು ಕೇಳಿದರೆ ತಪ್ಪೇ? ಪೈಪೋಟಿಯಿಂದ ಬೆಲೆ ಇಳಿದರೆ ಅವನಿಗೆ ಒಳ್ಳೆಯದಲ್ಲವೇ? ಖಂಡಿತ ಒಳ್ಳೆಯದು. ಪೈಪೋಟಿಯನ್ನು ನಾನು ಅಧರ್ಮವೆಂದು ಕರೆಯುತ್ತಿಲ್ಲ. ಚಂದಯ್ಯನ ಹಗ್ಗದ ಪಕ್ಕದಲ್ಲಿ ಇನ್ನೊಬ್ಬರ ಹಗ್ಗ ಮಾರಾಟಕ್ಕಿದ್ದರೆ ಇಬ್ಬರೂ ಗಟ್ಟಿ ಹೊಸೆಯಬೇಕಾಗುತ್ತಿತ್ತು, ಅಷ್ಟೆ. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಹೇಳಿ, ಚಿತ್ರಕಾರ ಹಾರ್ಸ್ಲಿ ಬಿಡಿಸಿ, ಮೊದಲ ಕ್ರಿಸ್‌ಮಸ್ ಕಾರ್ಡಿನ ಸುಮಾರು 1000 ಪ್ರತಿಗಳು ಮಾರಾಟಕ್ಕೆ ಬಂದಾಗ ಬೆಲೆ ಒಂದು ಷಿಲ್ಲಿಂಗ್, ಅಂದಿನ ಕೂಲಿಕಾರನ ಕೈಗೆಟುಕದ್ದು. ಕಾರ್ಡು ಜನಸಾಮಾನ್ಯರಿಗೆ ದಕ್ಕಿದ್ದು ಮುಂದೆ ಪೈಪೋಟಿಯಿಂದಲೇ. ಅಮೆರಿಕದಲ್ಲಿ ಲೂಯಿ ಪ್ರಾಂಗ್ ಎಂಬ ಮುದ್ರಕ 1880ರಲ್ಲಿ ಕಾರ್ಡಿನ ಚಿತ್ರಕ್ಕೆಂದೇ ಬಹಿರಂಗ ಸ್ಪರ್ಧೆ ಏರ್ಪಡಿಸಿ ಮೊದಲ ಬಹುಮಾನ 1000 ಡಾಲರ್ ಇಟ್ಟ. ಕಲಾವಿದರು ಒಬ್ಬರೊಡನೊಬ್ಬರು ಸೆಣಸಿದರು, ಗೆದ್ದವರ ಹೆಸರು ಜಗತ್ತಿಗೆ ತಿಳಿಯಿತು. ಪೈಪೋಟಿಯೂ ಗೌರವವೂ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಇದೇ ಪುರಾವೆ. ಬಡ ರೈತನಿಗೆ ಸರಳ ಕಾರ್ಡು ಬೇಕಾದರೆ ಡಿಸೈನರ್ ಸರಳವಾದದ್ದನ್ನು ಮಾಡಿಕೊಡಲಿ, ಮನಸ್ಸಿದ್ದರೆ ಬಿಟ್ಟಿಯಾಗಿಯೇ ಕೊಡಲಿ. ಯುನಿಸೆಫ್ ಸಂಸ್ಥೆಯ ಮೊದಲ ಶುಭಾಶಯ ಪತ್ರ ಹುಟ್ಟಿದ್ದು ಹಾಗೆ: ಯುದ್ಧದಿಂದ ನೊಂದಿದ್ದ ಚೆಕೊಸ್ಲೊವಾಕಿಯಾದಲ್ಲಿ ನೆರವು ಪಡೆದ ಏಳು ವರ್ಷದ ಹುಡುಗಿ ಯಿತ್ಕಾ ಕೃತಜ್ಞತೆಗೆಂದು ಬಿಡಿಸಿ ಕೊಟ್ಟ ಚಿತ್ರ 1949ರಲ್ಲಿ ಕಾರ್ಡಾಯಿತು, ಆ ಪರಂಪರೆಯಿಂದ ಮುಂದೆ ಎಷ್ಟೋ ಮಕ್ಕಳಿಗೆ ನೆರವಾಯಿತು. ಅವಳು ಕೊಟ್ಟಳು, ಅದಕ್ಕೇ ಅದು ದಾನ. ಅವಳ ಹೆಸರು ಇಂದಿಗೂ ಉಳಿದಿದೆ. ಇನ್ನೊಬ್ಬರ ಚಿತ್ರ ಕದ್ದು ಬಡವನಿಗೆ ಅಗ್ಗಕ್ಕೆ ಕೊಡುವ ಅಂಗಡಿಯವನು ದಾನ ಮಾಡುತ್ತಿರುವುದು ಯಾರದೋ ಗಂಟಿನಿಂದ. ಅದರಲ್ಲೂ ತನ್ನ ಲಾಭವನ್ನು ಅವನು ಬಿಟ್ಟಿರುವುದಿಲ್ಲ.

ಹೆಸರಿನ ಪ್ರಶ್ನೆ ಹಕ್ಕಿನದಷ್ಟೇ ಅಲ್ಲ, ಹೊಣೆಯದೂ ಹೌದು. ಲಗ್ನಪತ್ರಿಕೆಗೆ ಬಂದ ಹೆಸರು ಹದಿನೆಂಟು ತುಂಬದ ಹುಡುಗಿಯದೆಂದು ಗೊತ್ತಾದರೆ ಅದನ್ನು ಮಾಡುವವನು ಏನು ಮಾಡಬೇಕು? ಒಲ್ಲೆ ಎನ್ನಬೇಕು. ಒಲ್ಲೆ ಎನ್ನಲು ಇದು ನನ್ನ ಕೈಯ ಕೆಲಸ, ಇದಕ್ಕೆ ನಾನು ಜವಾಬ್ದಾರ ಎಂಬ ಭಾವ ಬೇಕು. ಯಾರು ಮಾಡಿದರೂ ಒಂದೇ, ಎಲ್ಲಿಂದ ಎತ್ತಿದರೂ ಒಂದೇ ಎಂಬ ಮಾರುಕಟ್ಟೆಯಲ್ಲಿ ಒಲ್ಲೆ ಎನ್ನುವವರೂ ಇರುವುದಿಲ್ಲ. ಇಲ್ಲಿ ಆಗದಿದ್ದರೆ ಪಕ್ಕದ ಬೀದಿಯಲ್ಲಿ ಆಗುತ್ತದೆ. ಶರಣರು ಕಾಯಕವನ್ನು ಎತ್ತರದಲ್ಲಿಟ್ಟದ್ದು ಅದು ಮನುಷ್ಯನನ್ನು ತನ್ನ ಕೆಲಸಕ್ಕೆ ಉತ್ತರ ಕೊಡುವವನನ್ನಾಗಿ ಮಾಡುತ್ತದೆ ಎಂದು. ಮಾಡಿದವನನ್ನೇ ಅಳಿಸಿಹಾಕಿದರೆ ಉತ್ತರ ಕೊಡುವವರು ಯಾರು?

ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಹೆಸರಿಲ್ಲದೆ ದುಡಿಯುವುದು ಧರ್ಮವಾಗಬಲ್ಲದು, ದುಡಿಯುವವರು ತಾವಾಗಿ ಹೆಸರು ಬಿಟ್ಟಾಗ, ಅವರ ಪಾಲು ಅವರಿಗೆ ಸಂದಾಗ. ಈ ಎರಡೂ ಇಲ್ಲದ ಕಡೆ ಕಾಯಕ, ತ್ಯಾಗ, ನಿಷ್ಕಾಮ ಎಂಬ ಮಾತುಗಳನ್ನು ಬಳಸುವುದು ಆ ಮಾತುಗಳನ್ನೇ ಕೆಡಿಸುವುದು. ಮಾಡಬೇಕಾದ್ದು ಕಷ್ಟದ್ದೇನಲ್ಲ. ಪ್ರೆಸ್ಸಿನ ಹೆಸರು ಕೂರುವ ಜಾಗದಲ್ಲೇ ವಿನ್ಯಾಸ ಮಾಡಿದವರ ಹೆಸರೂ ಕೂರಲಿ. ಹಳೆಯ ಕಾರ್ಡು ತಂದ ಗಿರಾಕಿಗೆ ಅಂಗಡಿಯವನು ‘ಇದನ್ನು ಮಾಡಿದವರನ್ನೇ ಕೇಳೋಣ’ ಎನ್ನಲಿ, ಕೇಳಿ ಅವರಿಗೆ ಒಂದು ಪಾಲು ಕೊಡಲಿ. ಸೋದರಮಾವನ ಹೆಸರು ಬಿಟ್ಟರೆ ಮರ್ಯಾದೆ ಹೋಗುತ್ತದೆಂದು ಬಲ್ಲ ಸಮಾಜಕ್ಕೆ ಇನ್ನೊಂದು ಹೆಸರಿನ ಮರ್ಯಾದೆ ಅರ್ಥವಾಗದೆ ಇರದು. ಇಷ್ಟೆಲ್ಲ ಆದ ಮೇಲೆ ಯಾವ ವಿನ್ಯಾಸಕಾರನಾದರೂ ನನಗೆ ಹೆಸರು ಬೇಡ, ಮೇಲೆ ಮಾದಪ್ಪನ ಹೆಸರಿದೆಯಲ್ಲ, ಸಾಕು ಎಂದರೆ ಆ ಮಾತಿಗೆ ಬೆಲೆಯಿದೆ. ಬೇಕೆನ್ನುವ ಹಕ್ಕು ಕೈಯಲ್ಲಿದ್ದೂ ಬೇಡವೆಂದವನ ವೈರಾಗ್ಯ ಅದು. ಆ ಹಕ್ಕನ್ನು ಮೊದಲು ಅವನ ಕೈಗೆ ಕೊಡುವುದು ನಮ್ಮ ಧರ್ಮ. ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅವನಿಗೆ ಬಿಟ್ಟದ್ದು.